ಪದವಿ ಇದ್ದರೂ ಇಲ್ಲದಿದ್ದರೂ: ತೊರಪಳ್ಳಿಯ ರಾಜಾಜಿ



ನಮ್ಮ ಹೊಸೂರಿನ ಹತ್ತಿರದ ತೊರಪಳ್ಳಿಯಲ್ಲಿ ಒಂದು ಹಳೆಯ ಮನೆಯಿದೆ. ತಮಿಳುನಾಡು ಸರ್ಕಾರ ಅದನ್ನು ಸ್ಮಾರಕವಾಗಿ ಉಳಿಸಿಕೊಂಡಿದೆ. ಭಾರತೀಯರಾಗಿ ಈ ದೇಶದ ಗವರ್ನರ್ ಜನರಲ್ ಆದ ಒಬ್ಬರೇ ವ್ಯಕ್ತಿ, ನಾವೆಲ್ಲ ರಾಜಾಜಿ ಎಂದು ಕರೆಯುವ ಚಕ್ರವರ್ತಿ ರಾಜಗೋಪಾಲಾಚಾರಿಯವರು, 1878ರ ಡಿಸೆಂಬರ್ 10ರಂದು ಹುಟ್ಟಿದ್ದು ಆ ಊರಿನಲ್ಲಿ. ಅವರ ರಾಜಕೀಯವನ್ನು ಮೆಚ್ಚುವವರಿದ್ದಾರೆ, ಮೆಚ್ಚದವರೂ ಇದ್ದಾರೆ. ಅದರ ತೀರ್ಪು ಇಲ್ಲಿ ಬೇಡ. ಒಬ್ಬ ಮನುಷ್ಯ 94 ವರ್ಷ ಬಾಳಿ, ಹಲವು ಸಲ ಏರಿ ಹಲವು ಸಲ ಇಳಿದು, ಮನಸ್ಸು ಕಹಿಯಾಗದಂತೆ ಕಾಪಾಡಿಕೊಂಡದ್ದು ಹೇಗೆ? ಅಷ್ಟನ್ನು ನೋಡೋಣ.

ಮನೆಯ ದುಃಖ

ತಂದೆ ವೆಂಕಟಾರ್ಯರು ತೊರಪಳ್ಳಿಯ ಮುನ್ಸೀಫರು, ತಾಯಿ ಸಿಂಗಾರಮ್ಮ. ಮಗನ ಓದಿಗಾಗಿ ಕುಟುಂಬ ಹೊಸೂರಿಗೆ ಬಂತು. ಹೊಸೂರಿನ ಸರ್ಕಾರಿ ಶಾಲೆಯಿಂದ ಬೆಂಗಳೂರಿನ ಸೆಂಟ್ರಲ್ ಕಾಲೇಜು, ಅಲ್ಲಿಂದ ಮದರಾಸಿನಲ್ಲಿ ಕಾನೂನು ಓದು. 1900ರಲ್ಲಿ ಸೇಲಂನಲ್ಲಿ ವಕೀಲಿ ಆರಂಭಿಸಿದರು. ಬೇಗನೆ ಹೆಸರು ಬಂತು, ಹಣವೂ ಬಂತು.

ಆದರೆ 40 ವರ್ಷ ತುಂಬುವ ಮೊದಲೇ ಹೆಂಡತಿ ಅಲಮೇಲು ಮಂಗಮ್ಮ ತೀರಿಕೊಂಡರು. ಮನೆಯಲ್ಲಿ ಐದು ಮಕ್ಕಳು: ಮೂವರು ಗಂಡು, ಇಬ್ಬರು ಹೆಣ್ಣು. ರಾಜಾಜಿ ಮತ್ತೆ ಮದುವೆಯಾಗಲಿಲ್ಲ. ಮಕ್ಕಳ ಹೊಣೆಯನ್ನು ತಾವೇ ಹೊತ್ತರು. ದುಃಖವನ್ನು ನೆಪ ಮಾಡಿಕೊಂಡು ಊರಿನ ಕೆಲಸದಿಂದ ಹಿಂದೆ ಸರಿಯಲೂ ಇಲ್ಲ. 1917ರಲ್ಲಿ ಸೇಲಂ ಪುರಸಭೆಯ ಅಧ್ಯಕ್ಷರಾದರು. ನಮ್ಮ ಮನೆಗಳಲ್ಲೂ ಇಂಥ ಸಾವುಗಳಾಗುತ್ತವೆ. ಅಳು ನಿಂತ ಮೇಲೆ ಮಾಡಲು ಒಂದು ಕೆಲಸ, ನೋಡಿಕೊಳ್ಳಲು ನಾಲ್ಕು ಜನ ಇದ್ದರೆ ಮನಸ್ಸು ಮೆಲ್ಲಗೆ ದಾರಿಗೆ ಬರುತ್ತದೆ.

ಸೆರೆಮನೆಯ ಮೂರು ತಿಂಗಳು

ಗಾಂಧೀಜಿಯ ಕರೆಗೆ ಓಗೊಟ್ಟು ಅವರು ವಕೀಲಿ ಬಿಟ್ಟರು. 1921ರ ಡಿಸೆಂಬರ್‌ನಲ್ಲಿ ಬಂಧನವಾಯಿತು. 1922ರ ಮಾರ್ಚ್ 20ರವರೆಗೆ ವೇಲೂರು ಜೈಲು. ವಯಸ್ಸು 43, ಜೊತೆಗೆ ಉಬ್ಬಸದ ಕಾಯಿಲೆ. ನಿನ್ನೆಯವರೆಗೆ ಸಾಹುಕಾರ ವಕೀಲ, ಇಂದು ಕೈದಿ.

ಅಲ್ಲಿ ಅವರು ದಿನಚರಿ ಬರೆಯಲು ತೊಡಗಿದರು. ಅದು ಮುಂದೆ ಪುಸ್ತಕವಾಗಿ ಬಂತು. ಗ್ರೀಸಿನ ಸಾಕ್ರೆಟಿಸ್, ರೋಮಿನ ಚಕ್ರವರ್ತಿ ಮಾರ್ಕಸ್ ಔರೇಲಿಯಸ್ ಇವರ ವಿಚಾರಗಳನ್ನೂ ಅವರು ತಮಿಳಿಗೆ ತಂದರು. ಮಾರ್ಕಸ್ ಔರೇಲಿಯಸ್ ಯುದ್ಧದ ಪಾಳೆಯದಲ್ಲಿ ಕುಳಿತು ತನಗೆ ತಾನೇ ಬುದ್ಧಿ ಹೇಳಿಕೊಂಡು ಬರೆದವನು. ನಮ್ಮ ಕೈಯಲ್ಲಿ ಇಲ್ಲದ್ದಕ್ಕೆ ಕೊರಗಬಾರದು, ಕೈಯಲ್ಲಿ ಇರುವುದನ್ನು ಸರಿಯಾಗಿ ಮಾಡಬೇಕು ಎಂಬುದು ಅವನ ವಿಚಾರದ ತಿರುಳು. ರಾಜಾಜಿಯವರ ಮುಂದಿನ 50 ವರ್ಷಗಳನ್ನು ನೋಡಿದರೆ, ಈ ಮಾತು ಅವರೊಳಗೆ ಎಷ್ಟು ಇಳಿದಿತ್ತು ಎಂದು ತಿಳಿಯುತ್ತದೆ.

ಗುಡಿಸಲು ಮತ್ತು ಹೆಂಡದಂಗಡಿ

1925ರಲ್ಲಿ ತಿರುಚೆಂಗೋಡಿನ ಹತ್ತಿರ ಪುದುಪಾಳೆಯಂ ಎಂಬಲ್ಲಿ ಗಾಂಧಿ ಆಶ್ರಮ ಕಟ್ಟಿ ಮಕ್ಕಳೊಡನೆ ಗುಡಿಸಲಲ್ಲಿ ನೆಲೆಸಿದರು. ನೂಲುವುದು, ನೇಯುವುದು, ಬರಗಾಲದಲ್ಲಿ ಬಡವರಿಗೆ ನೆರವಾಗುವುದು, ಜಾತಿಭೇದವಿಲ್ಲದೆ ಎಲ್ಲರೊಡನೆ ಬಾಳುವುದು ಅಲ್ಲಿಯ ಕೆಲಸ. ಕುಡಿತ ಬಡವರ ಮನೆಯನ್ನು ಹೇಗೆ ತಿನ್ನುತ್ತದೆ ಎಂಬುದನ್ನು ಅಲ್ಲಿ ಹತ್ತಿರದಿಂದ ಕಂಡರು. ಪಾನನಿಷೇಧಕ್ಕಾಗಿಯೇ ವಿಮೋಚನಂ ಎಂಬ ತಮಿಳು ಪತ್ರಿಕೆ ನಡೆಸಿದರು.

1937ರಲ್ಲಿ ಮದರಾಸು ಪ್ರಾಂತ್ಯದ ಪ್ರಧಾನಿಯಾದಾಗ, ಅಕ್ಟೋಬರ್ 1ರಿಂದ ಪಾನನಿಷೇಧವನ್ನು ಮೊದಲು ಜಾರಿಗೆ ತಂದದ್ದು ಸೇಲಂ ಜಿಲ್ಲೆಯಲ್ಲಿ. ಆಗ ಹೊಸೂರು, ಕೃಷ್ಣಗಿರಿ, ಧರ್ಮಪುರಿ ಎಲ್ಲವೂ ಆ ಜಿಲ್ಲೆಗೇ ಸೇರಿದ್ದವು. ಸರ್ಕಾರದ ಬೊಕ್ಕಸಕ್ಕೆ ನಷ್ಟವಾಗುತ್ತದೆ ಎಂದು ಅವರು ಹಿಂಜರಿಯಲಿಲ್ಲ. 1939ರಲ್ಲಿ ಮಾರಾಟ ತೆರಿಗೆ ಹಾಕಿ ಅದನ್ನು ತುಂಬಿಕೊಳ್ಳಲು ನೋಡಿದರು. ಕೆಟ್ಟ ಅಭ್ಯಾಸ ಬಿಡುವಾಗ ನಮಗೂ ಒಂದಿಷ್ಟು ನಷ್ಟವಾಗುತ್ತದೆ: ಸ್ನೇಹಿತರ ಗುಂಪು, ಸಂಜೆಯ ಹೊತ್ತು, ಒಂದು ಬಗೆಯ ಸುಖ. ಆ ಜಾಗಕ್ಕೆ ಬೇರೆ ಏನನ್ನು ತರುತ್ತೇವೆ ಎಂದು ಮೊದಲೇ ಯೋಚಿಸಿದರೆ ಬಿಡುವುದು ಸುಲಭ.

ಒಂಟಿಯಾದಾಗ

1942ರಲ್ಲಿ ಕ್ವಿಟ್ ಇಂಡಿಯಾ ಚಳವಳಿ ಬೇಡವೆಂದರು. ಮುಸ್ಲಿಂ ಲೀಗಿನೊಡನೆ ರಾಜಿಯಾಗದೆ ಸ್ವಾತಂತ್ರ್ಯ ಬಾರದು ಎಂದರು. ಗಾಂಧೀಜಿಯೇ ಎದುರಾದರು. ರಾಜಾಜಿ ಕಾಂಗ್ರೆಸ್ಸಿನಿಂದ ಹೊರಗೆ ಬಂದರು. ಗೆಳೆಯರೆಲ್ಲ ಜೈಲಿಗೆ ಹೋದಾಗ ಇವರು ಹೊರಗೆ ಉಳಿದು ದ್ರೋಹಿ ಎಂಬ ಬೈಗುಳ ಕೇಳಿದರು. ಆದರೂ ಗಾಂಧೀಜಿಯೊಡನೆ ಸ್ನೇಹ ಕಡಿಯಲಿಲ್ಲ. 1944ರಲ್ಲಿ ಗಾಂಧೀಜಿ ಜಿನ್ನಾ ಅವರೊಡನೆ ಮಾತುಕತೆಗೆ ಕುಳಿತಾಗ ಆಧಾರವಾಗಿ ಹಿಡಿದುಕೊಂಡದ್ದು ರಾಜಾಜಿಯ ಸೂತ್ರವನ್ನೇ. ಮಾತುಕತೆ ಫಲಿಸಲಿಲ್ಲ, ಅದು ಬೇರೆ ವಿಷಯ. ಭಿನ್ನಾಭಿಪ್ರಾಯ ಬಂದ ಮಾತ್ರಕ್ಕೆ ಬಾಗಿಲು ಮುಚ್ಚಬೇಕಾಗಿಲ್ಲ ಎಂಬುದನ್ನು ಇಬ್ಬರೂ ನಡೆದು ತೋರಿಸಿದರು.

ಮೇಲಿಂದ ಕೆಳಗೆ

1948ರ ಜೂನ್ 21ರಂದು ಗವರ್ನರ್ ಜನರಲ್ ಆದರು. 1950ರ ಜನವರಿ 26ರಂದು ಆ ಪದವಿಯೇ ಇಲ್ಲವಾಯಿತು. ದೇಶದ ಅತ್ಯುನ್ನತ ಪೀಠದಲ್ಲಿ ಕುಳಿತಿದ್ದವರು ಅದೇ ವರ್ಷ ನೆಹರೂ ಸಂಪುಟದಲ್ಲಿ ಖಾತೆಯಿಲ್ಲದ ಮಂತ್ರಿಯಾದರು. ಸರ್ದಾರ್ ಪಟೇಲರು ತೀರಿಕೊಂಡ ಮೇಲೆ ಗೃಹಮಂತ್ರಿಯಾದರು. 1952ರಲ್ಲಿ, 73ನೇ ವಯಸ್ಸಿನಲ್ಲಿ, ಮದರಾಸಿನ ಮುಖ್ಯಮಂತ್ರಿ. ಕೆಲಸ ಇದ್ದರೆ ಸಾಕು, ಕುರ್ಚಿಯ ಎತ್ತರ ಅವರಿಗೆ ಮುಖ್ಯವಾಗಲಿಲ್ಲ. ನಿವೃತ್ತರಾದ ಮೇಲೆ ಮಂಕಾಗಿ ಕೂರುವ ಹಿರಿಯರು, ಸಂಘದ ಅಧ್ಯಕ್ಷ ಸ್ಥಾನ ಹೋದ ಮೇಲೆ ಸಭೆಗೇ ಬಾರದವರು ನಮ್ಮ ನಡುವೆ ಇಲ್ಲವೇ? ಅವರು ಇದನ್ನು ಯೋಚಿಸಬೇಕು.

ಬದಲಾದ ಮನಸ್ಸು

ರಾಜಾಜಿ ತಪ್ಪೇ ಮಾಡದವರಲ್ಲ. 1937ರ ಬಳಿಕ ಶಾಲೆಗಳಲ್ಲಿ ಹಿಂದೂಸ್ತಾನಿಯನ್ನು ಕಡ್ಡಾಯ ಮಾಡಿ, ವಿರೋಧಿಸಿದವರನ್ನು ಜೈಲಿಗೆ ಕಳುಹಿಸಿದರು. ನಟರಾಜನ್, ತಾಳಮುತ್ತು ಎಂಬ ಇಬ್ಬರು ಸೆರೆಯಲ್ಲಿದ್ದಾಗ ಪ್ರಾಣಬಿಟ್ಟರು. ಆ ನೋವು ಅಳಿಸುವಂಥದ್ದಲ್ಲ. ಆದರೆ ಮುಂದೆ ಅದೇ ರಾಜಾಜಿ ಹಿಂದಿಯೊಂದನ್ನೇ ಆಡಳಿತ ಭಾಷೆ ಮಾಡಬಾರದೆಂದು ಬಹಿರಂಗವಾಗಿ ಹೋರಾಡಿದರು. ಹಳೆಯ ಮಾತಿಗೆ ಗಂಟುಬೀಳಲಿಲ್ಲ. ಮನೆಯಲ್ಲಿ ಕನ್ನಡ, ಸಂತೆಯಲ್ಲಿ ತೆಲುಗು, ಕಚೇರಿಯಲ್ಲಿ ತಮಿಳು ಆಡುವ ನಮಗೆ ಇದರ ಬೆಲೆ ಗೊತ್ತು. 1953ರಲ್ಲಿ ಹಳ್ಳಿಯ ಮಕ್ಕಳಿಗೆ ಅರ್ಧ ದಿನ ಶಾಲೆ, ಉಳಿದ ಹೊತ್ತು ಹೆತ್ತವರ ಕಸುಬು ಎಂಬ ಯೋಜನೆ ತಂದರು. ಅದು ಮಕ್ಕಳನ್ನು ಜಾತಿಗೇ ಕಟ್ಟಿಹಾಕುತ್ತದೆ ಎಂದು ಜನ ಎದ್ದುನಿಂತರು. 1954ರಲ್ಲಿ ಅಧಿಕಾರ ಬಿಟ್ಟರು. ಕಾಮರಾಜರು ಆ ಯೋಜನೆಯನ್ನೇ ಕೈಬಿಟ್ಟರು. ಜಾಣರಿಗೂ ಕಾಣದ ಮೂಲೆಗಳಿರುತ್ತವೆ. ಅದಕ್ಕೇ ನಮ್ಮನ್ನು ತಿದ್ದುವ ಜನ ಸುತ್ತಲೂ ಬೇಕು.

ಕೊನೆಯ ವರ್ಷಗಳು

1959ರಲ್ಲಿ, 80 ದಾಟಿದ ಮೇಲೆ, ಸ್ವತಂತ್ರ ಪಕ್ಷ ಕಟ್ಟಿದರು. 1962ರಲ್ಲಿ ಮೊದಲ ಬಾರಿಗೆ ವಿದೇಶಕ್ಕೆ ಹೋಗಿ, ಅಣುಬಾಂಬಿನ ಪರೀಕ್ಷೆ ನಿಲ್ಲಿಸಬೇಕೆಂದು ಅಮೆರಿಕದ ಅಧ್ಯಕ್ಷ ಕೆನಡಿಯವರನ್ನು ಕೇಳಿಕೊಂಡರು. ಕೆನಡಿ ನಮ್ಮ ಕಥೋಲಿಕ ಸಭೆಯವರೇ ಎಂಬುದನ್ನು ಇಲ್ಲಿ ನೆನೆಯಬಹುದು. 1966ರಲ್ಲಿ ಎಂ.ಎಸ್. ಸುಬ್ಬುಲಕ್ಷ್ಮಿಯವರು ವಿಶ್ವಸಂಸ್ಥೆಯಲ್ಲಿ ಹಾಡಿದಾಗ, ದೇವರಲ್ಲಿ ಕ್ಷಮೆ ಬೇಡುವ ಒಂದು ಇಂಗ್ಲಿಷ್ ಪ್ರಾರ್ಥನೆಯೂ ಅದರಲ್ಲಿತ್ತು. ಅದನ್ನು ಬರೆದವರು ರಾಜಾಜಿ, ಪಾಶ್ಚಾತ್ಯ ರಾಗ ಕೂಡಿಸಿದವರು ಮದರಾಸಿನ ಹ್ಯಾಂಡೆಲ್ ಮ್ಯಾನುವೆಲ್. ತನಗೆ ಯಾವ ಕೊರತೆಯೂ ಇಲ್ಲವೆಂದು ದೇವರಿಗೆ ಹೇಳುವ ತಮಿಳು ಕೀರ್ತನೆಯೂ ರಾಜಾಜಿಯವರದೇ. ಹೆಂಡತಿಯನ್ನು, ಪದವಿಯನ್ನು, ಎಷ್ಟೋ ಗೆಳೆಯರನ್ನು ಕಳೆದುಕೊಂಡವರು ಬರೆದ ಹಾಡು ಅದು.

1972ರ ಕ್ರಿಸ್ಮಸ್ ದಿನ, ಡಿಸೆಂಬರ್ 25ರಂದು, ಅವರು ಕಣ್ಣು ಮುಚ್ಚಿದರು. ರಾಜಕೀಯದಲ್ಲಿ ದಶಕಗಳ ಕಾಲ ಅವರನ್ನು ವಿರೋಧಿಸಿದ, ಅವರ ಸರ್ಕಾರದಿಂದಲೇ ಜೈಲಿಗೆ ಹೋಗಿದ್ದ ಪೆರಿಯಾರ್, 93ರ ವಯಸ್ಸಿನಲ್ಲಿ ಗಾಲಿಕುರ್ಚಿಯಲ್ಲಿ ಬಂದು ಚಿತೆಯ ಬಳಿ ಅತ್ತರು.

ಪ್ರಿಯರೇ, ಈ ವಾರ ಮೂರು ಸಣ್ಣ ಕೆಲಸ ಮಾಡೋಣ. ಮಲಗುವ ಮುನ್ನ ನಾಲ್ಕು ಸಾಲು ದಿನಚರಿ ಬರೆಯೋಣ. ಹಿಡಿದ ಹಟವೊಂದನ್ನು ಮತ್ತೆ ಯೋಚಿಸಿ ನೋಡೋಣ. ಭಿನ್ನಾಭಿಪ್ರಾಯದಿಂದ ಮಾತು ಬಿಟ್ಟಿರುವ ಒಬ್ಬರ ಮನೆಗೆ ಹೋಗಿ ಬರೋಣ. ಅವರು ಬಾಗಿಲು ತೆರೆಯದಿದ್ದರೂ, ನಮ್ಮ ಕಡೆಯ ಬಾಗಿಲು ತೆರೆದೇ ಇರಲಿ.