ರೆವರೆಂಡ್ ಫರ್ಡಿನಾಂಡ್ ಕಿಟ್ಟೆಲ್

ಧರ್ಮಗ್ರಂಥವೊಂದು ಜನರ ನುಡಿಗೆ ಇಳಿದುಬಂದಾಗ ಆ ನುಡಿಯ ಸಾಹಿತ್ಯವೂ ಹೊಸ ಕಳೆಯನ್ನು ಪಡೆಯುವುದುಂಟು. 1611ರಲ್ಲಿ ಪ್ರಕಟವಾದ ಇಂಗ್ಲಿಷ್ ಬೈಬಲ್ಲಿನ ಶೈಲಿಯು ಆ ಭಾಷೆಯ ಲೇಖಕರ ಮೇಲೆ ಅಚ್ಚಳಿಯದ ಪ್ರಭಾವವನ್ನು ಬೀರಿತು. ಬೈಬಲ್ಲಿನ ಆದಿದಂಪತಿಗಳ ಕಥೆಯನ್ನು ಮಿಲ್ಟನ್ ಕವಿಯು 1667ರಲ್ಲಿ ಮಹಾಕಾವ್ಯವನ್ನಾಗಿಸಿದನು. ಬಡ ಕುಲುಮೆಗಾರನ ಮಗನಾದ ಬನ್ಯನ್ 1678ರಲ್ಲಿ ಅದರ ಸಾರವನ್ನು ಯಾತ್ರಿಕನೊಬ್ಬನ ಕಥೆಯಾಗಿ ಹೇಳಿದನು. ಬೈಬಲ್ಲಿನ ಕಥೆಗೆ ಕನ್ನಡ ಕಾವ್ಯದ ಉಡುಗೆ ತೊಡಿಸಲು ಹೊರಟು, ಕೊನೆಗೆ ಕನ್ನಡಕ್ಕೇ ತಮ್ಮ ಬಾಳನ್ನು ಮೀಸಲಿಟ್ಟವರು ರೆವರೆಂಡ್ ಫರ್ಡಿನಾಂಡ್ ಕಿಟ್ಟೆಲ್.

ಕಿಟ್ಟೆಲ್ ಅವರು 1832ರ ಏಪ್ರಿಲ್ 7ರಂದು ಜರ್ಮನಿಯ ವಾಯವ್ಯ ಭಾಗದ ರೆಸ್ಟರ್‌ಹಾಫೆ ಎಂಬ ಹಳ್ಳಿಯಲ್ಲಿ ಜನಿಸಿದರು. ತಂದೆ ಕ್ರೈಸ್ತ ಪಾದ್ರಿ. ಬಾಲ್ಯದಲ್ಲಿಯೇ ಅವರು ಹೀಬ್ರೂ, ಗ್ರೀಕ್, ಲ್ಯಾಟಿನ್ ಮೊದಲಾದ ಭಾಷೆಗಳನ್ನು ಅಭ್ಯಸಿಸಿದರು. 1850ರಲ್ಲಿ ಬಾಸೆಲ್ ಮಿಷನ್ ಸಂಸ್ಥೆಯನ್ನು ಸೇರಿ, 1853ರಲ್ಲಿ ಧರ್ಮಪ್ರಚಾರಕರಾಗಿ ಕರ್ನಾಟಕಕ್ಕೆ ಬಂದರು. ಧಾರವಾಡ, ಮಂಗಳೂರು, ಮಡಿಕೇರಿಗಳು ಅವರ ಕಾರ್ಯಕ್ಷೇತ್ರಗಳಾದವು.

ಅಷ್ಟು ಹೊತ್ತಿಗಾಗಲೇ ಬಳ್ಳಾರಿಯಲ್ಲಿ ಜಾನ್ ಹ್ಯಾಂಡ್ಸ್ ಅವರ ಪರಿಶ್ರಮದಿಂದ ಬೈಬಲ್ ಕನ್ನಡಕ್ಕೆ ಬಂದಿತ್ತು. ಆದರೆ ಕನ್ನಡಿಗರ ಕಿವಿ ಗಮಕಕ್ಕೂ ಕೀರ್ತನೆಗೂ ಒಗ್ಗಿದ್ದಿತು. ಪರನಾಡಿನ ಕಥೆ ಈ ನೆಲದಲ್ಲಿ ಬೇರೂರಬೇಕಾದರೆ ಅದು ಈ ನೆಲದ ಧಾಟಿಯಲ್ಲಿಯೇ ಹಾಡಾಗಬೇಕೆಂಬುದನ್ನು ಕಿಟ್ಟೆಲ್ ಮನಗಂಡರು. 1862ರಲ್ಲಿ ಯೇಸುಕ್ರಿಸ್ತನ ಜೀವನವನ್ನು ದೇಶೀಯ ಛಂದಸ್ಸಿನಲ್ಲಿ ನಿರೂಪಿಸಿ 'ಕಥಾಮಾಲೆ' ಎಂಬ ಕೃತಿಯನ್ನು ರಚಿಸಿದರು. ಪರಭಾಷೆಯವರೊಬ್ಬರು ಮಾತ್ರೆ, ಗಣ, ಪ್ರಾಸಗಳ ಮರ್ಮವನ್ನರಿತು ಕಾವ್ಯ ಕಟ್ಟುವುದು ಸುಲಭದ ಮಾತಲ್ಲ.

ಕನ್ನಡದ ಆಳವನ್ನು ಕಂಡಷ್ಟೂ ಅವರ ಜ್ಞಾನದಾಹ ಹೆಚ್ಚಿತು. ಕೇಶಿರಾಜನ 'ಶಬ್ದಮಣಿದರ್ಪಣ'ವನ್ನು 1872ರಲ್ಲಿಯೂ, ನಾಗವರ್ಮನ 'ಛಂದೋಂಬುಧಿ'ಯನ್ನು 1875ರಲ್ಲಿಯೂ ಸಂಪಾದಿಸಿ ಪ್ರಕಟಿಸಿದರು. ಧರ್ಮಪ್ರಚಾರಕ್ಕೆಂದು ಬಂದವರು ಹಳೆಯ ಕಾವ್ಯಗಳಲ್ಲಿ ಮುಳುಗಿರುವುದು ಸಂಸ್ಥೆಯ ಹಿರಿಯರಲ್ಲಿ ಕೆಲವರಿಗೆ ಹಿಡಿಸಲಿಲ್ಲ. ಮನೆಯಲ್ಲಿಯೂ ದುಃಖ ಕಾದಿದ್ದಿತು. 1864ರಲ್ಲಿ ಪತ್ನಿ ಪೌಲೀನ್ ತೀರಿಕೊಂಡರು. ಆದರೂ ಕಿಟ್ಟೆಲ್ ಹಿಡಿದ ಕಾರ್ಯವನ್ನು ಬಿಡಲಿಲ್ಲ.

ಕನ್ನಡ–ಇಂಗ್ಲಿಷ್ ನಿಘಂಟಿನ ರಚನೆ ಅವರ ಬದುಕಿನ ಮಹಾಸಾಧನೆ. ರೀವ್ ಅವರ ನಿಘಂಟು 1832ರಷ್ಟು ಹಿಂದೆಯೇ ಹೊರಬಂದಿದ್ದರೂ ಭಾಷೆಯ ಸಮಗ್ರ ಸಂಪತ್ತನ್ನು ತೋರುವ ಕೋಶದ ಅಗತ್ಯವಿದ್ದಿತು. ಕಿಟ್ಟೆಲ್ ಕಾವ್ಯಗಳನ್ನು ಶೋಧಿಸಿದರು. ಜನರ ಬಾಯಿಂದ ಗಾದೆಗಳನ್ನೂ ನುಡಿಗಟ್ಟುಗಳನ್ನೂ ಸಂಗ್ರಹಿಸಿದರು. ಪಂಡಿತನ ಮಾತಿಗೂ ಒಕ್ಕಲಿಗನ ಮಾತಿಗೂ ಅಲ್ಲಿ ಸ್ಥಾನ ದೊರೆಯಿತು. ತಮಿಳು, ತೆಲುಗು, ಮಲೆಯಾಳ, ತುಳು ಭಾಷೆಗಳ ಸಮಾನ ರೂಪಗಳನ್ನೂ ಸೂಚಿಸಿದರು. ಕಣ್ಣಿನ ದೃಷ್ಟಿ ಕುಂದಿತು. ಆರೋಗ್ಯ ಹದಗೆಟ್ಟು ಸ್ವದೇಶಕ್ಕೆ ಹೋದವರು ಈ ಕಾರ್ಯಕ್ಕಾಗಿಯೇ 1883ರಲ್ಲಿ ಮತ್ತೆ ಬಂದರು. 1892ರಲ್ಲಿ ಕೊನೆಯದಾಗಿ ಕನ್ನಡನಾಡನ್ನು ಬಿಟ್ಟರು. 1894ರಲ್ಲಿ ಸುಮಾರು 70,000 ಶಬ್ದಗಳ, 1,700ಕ್ಕೂ ಹೆಚ್ಚು ಪುಟಗಳ ಆ ಬೃಹತ್ ನಿಘಂಟನ್ನು ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯವು ಪ್ರಕಟಿಸಿತು.

ಟ್ಯೂಬಿಂಗೆನ್ ವಿಶ್ವವಿದ್ಯಾನಿಲಯವು 1896ರಲ್ಲಿ ಅವರಿಗೆ ಗೌರವ ಡಾಕ್ಟರೇಟ್ ಪದವಿಯನ್ನಿತ್ತು ಸನ್ಮಾನಿಸಿತು. ಇಳಿವಯಸ್ಸಿನಲ್ಲಿಯೂ ಅವರ ಲೇಖನಿ ವಿರಮಿಸಲಿಲ್ಲ. ಇಂಗ್ಲಿಷಿನಲ್ಲಿ ಬರೆದ ಕನ್ನಡ ವ್ಯಾಕರಣವು 1903ರಲ್ಲಿ ಅಚ್ಚಾಯಿತು. ಅದೇ ವರ್ಷದ ಡಿಸೆಂಬರಿನಲ್ಲಿ ಅವರು ಟ್ಯೂಬಿಂಗೆನ್ನಿನಲ್ಲಿ ನಿಧನರಾದರು.

ಬೆಂಗಳೂರು ದಂಡುಪ್ರದೇಶದಲ್ಲಿ, ಜೋಗುಪಾಳ್ಯ ಹಲಸೂರುಗಳಿಗೆ ಸಮೀಪವಾದ ಮಹಾತ್ಮ ಗಾಂಧಿ ರಸ್ತೆಯಲ್ಲಿ, ಕೃತಜ್ಞ ಕನ್ನಡಿಗರು ಅವರ ಪ್ರತಿಮೆಯನ್ನು ನಿಲ್ಲಿಸಿದರು. ತಮ್ಮ ಗ್ರಂಥದ ಕಥೆಯನ್ನು ಕನ್ನಡಕ್ಕೆ ಕೊಡಬಂದವರು ಕನ್ನಡದ ಶಬ್ದಭಂಡಾರವನ್ನೇ ಕನ್ನಡಿಗರ ಕೈಗಿತ್ತುಹೋದರು. ಪರಭಾಷೆಯನ್ನು ಗೌರವದಿಂದ ಕಲಿತವನು ಅದರ ಸ್ವಂತ ಮಗನಾಗಬಲ್ಲನೆಂಬುದಕ್ಕೆ ಅವರ ಬಾಳೇ ಸಾಕ್ಷಿ.