ಕೇಪ್‌ಟೌನ್ ಬಂದರಿನ ಅಗಲಿಕೆ: ಡೇವಿಡ್ ಲಿವಿಂಗ್‌ಸ್ಟನನ ಸಂಸಾರ

1852ನೆಯ ಇಸವಿಯ ಏಪ್ರಿಲ್ 23ರಂದು ದಕ್ಷಿಣ ಆಫ್ರಿಕದ ಕೇಪ್‌ಟೌನಿನಿಂದ ಟ್ರಾಫಲ್ಗರ್ ಎಂಬ ಹಡಗು ಇಂಗ್ಲೆಂಡಿಗೆ ಹೊರಟಿತು. ಅದರಲ್ಲಿ ಮೂವತ್ತೊಂದು ವರ್ಷದ ಒಬ್ಬ ತಾಯಿಯೂ ಆಕೆಯ ನಾಲ್ವರು ಮಕ್ಕಳೂ ಇದ್ದರು. ಹಿರಿಯನಾದ ರಾಬರ್ಟನಿಗೆ ಆರು ವರ್ಷ, ಆಗ್ನೆಸಳಿಗೆ ಐದು ತುಂಬಲು ಇನ್ನೂ ಕೆಲವು ವಾರಗಳಿದ್ದುವು, ಥಾಮಸನಿಗೆ ಮೂರು, ಕೈಗೂಸು ಆಸ್ವೆಲನಿಗೆ ಏಳೇ ತಿಂಗಳು. ಹಿಂದೆ ಉಳಿದವನು ಅವರ ತಂದೆ, ಮಿಶನರಿ ಡಾಕ್ಟರ್ ಡೇವಿಡ್ ಲಿವಿಂಗ್‌ಸ್ಟನ್. ಎರಡು ವರ್ಷಗಳಲ್ಲಿ ತನ್ನ ಕಾರ್ಯವನ್ನು ಮುಗಿಸಿ ಅವರನ್ನು ಕೂಡಿಕೊಳ್ಳುವೆನೆಂಬುದು ಆತನ ಲೆಕ್ಕವಾಗಿತ್ತು. ಆ ಎರಡು ವರ್ಷ ಹಿಗ್ಗಿ ನಾಲ್ಕೂವರೆ ವರ್ಷವಾಯಿತು.

ಆಫ್ರಿಕ ಖಂಡವನ್ನು ಪಶ್ಚಿಮದಿಂದ ಪೂರ್ವಕ್ಕೆ ದಾಟಿದವನು, ವಿಕ್ಟೋರಿಯಾ ಜಲಪಾತವನ್ನು ಯೂರೋಪಿಗೆ ತಿಳಿಸಿದವನು, ಗುಲಾಮರ ವ್ಯಾಪಾರದ ಹೇಯತನವನ್ನು ಜಗತ್ತಿನ ಮುಂದೆ ತೆರೆದಿಟ್ಟವನು ಎಂದು ಈ ಪುರುಷನ ಹೆಸರನ್ನು ನಾವೆಲ್ಲರೂ ಶಾಲಾಪುಸ್ತಕಗಳಲ್ಲಿ ಓದಿದ್ದೇವೆ. ಆ ಪುಸ್ತಕಗಳಲ್ಲಿ ಆತನ ಮನೆಯ ಸುದ್ದಿಗೆ ಒಂದು ಸಾಲಿಗಿಂತ ಹೆಚ್ಚು ಸ್ಥಳವಿರಲಿಲ್ಲ. ಹೆಂಡಿರು ಮಕ್ಕಳನ್ನು ಊರಿನಲ್ಲಿ ಬಿಟ್ಟು ಪರಸ್ಥಳದಲ್ಲಿ ದುಡಿಯುವವರು ನಮ್ಮ ವಾಚಕರಲ್ಲಿ ಬಹಳ ಮಂದಿ ಇರುವುದರಿಂದ, ಆ ಒಂದು ಸಾಲನ್ನೇ ಬಿಡಿಸಿ ಹೇಳಬೇಕೆಂದು ನಮಗೆ ತೋರಿತು.

ಲಿವಿಂಗ್‌ಸ್ಟನನು 1813ರ ಮಾರ್ಚ್ 19ರಂದು ಸ್ಕಾಟ್ಲೆಂಡಿನ ಬ್ಲಾಂಟೈರ್ ಎಂಬಲ್ಲಿ ಹುಟ್ಟಿದನು. ಹತ್ತಿಗಿರಣಿಯ ಕೆಲಸಗಾರರಿಗಾಗಿ ಕಟ್ಟಿದ ಚಾಳಿನಲ್ಲಿ ಇಡೀ ಕುಟುಂಬಕ್ಕೆ ಇದ್ದುದು ಒಂದೇ ಕೋಣೆ. ಹತ್ತನೆಯ ವಯಸ್ಸಿಗೇ ಗಿರಣಿ ಸೇರಿ ಬೆಳಗಿನ ಆರರಿಂದ ರಾತ್ರಿ ಎಂಟರ ತನಕ ದುಡಿದನು. ಮೊದಲ ವಾರದ ಸಂಬಳದಲ್ಲಿ ಲ್ಯಾಟಿನ್ ವ್ಯಾಕರಣವೊಂದನ್ನು ಕೊಂಡನು. ಎಂಟರಿಂದ ಹತ್ತರವರೆಗೆ ರಾತ್ರಿಶಾಲೆ. ಹಗಲಿನಲ್ಲಿ ನೂಲುವ ಯಂತ್ರದ ಮೇಲೆ ಪುಸ್ತಕವನ್ನು ತೆರೆದಿಟ್ಟು, ಅತ್ತಿತ್ತ ಓಡಾಡುವಾಗ ಒಂದೊಂದೇ ವಾಕ್ಯವನ್ನು ಓದಿಕೊಳ್ಳುತ್ತಿದ್ದನು. ಹಗಲೆಲ್ಲ ಮೇಜು ಒರಸಿ, ರಾತ್ರಿ ಮುಂಬಯಿಯ ಕನ್ನಡ ರಾತ್ರಿಶಾಲೆಗಳ ಬೆಂಚಿನ ಮೇಲೆ ತೂಕಡಿಸುತ್ತಲೇ ಮೆಟ್ರಿಕ್ ಮುಗಿಸಿದ ನಮ್ಮ ಹಿರಿಯರ ಪೀಳಿಗೆಗೆ ಈ ಚಿತ್ರ ಹೊಸತೆನಿಸಲಾರದು. ಹೀಗೆಯೇ ಓದಿ ವೈದ್ಯನಾದ ಆತನು ಲಂಡನ್ ಮಿಶನರಿ ಸೊಸೈಟಿಯನ್ನು ಸೇರಿ 1841ರಲ್ಲಿ ಆಫ್ರಿಕದ ಕುರುಮಾನ್ ಠಾಣೆಗೆ ಬಂದನು. ನಮ್ಮ ಬಳ್ಳಾರಿಯಲ್ಲಿ ಜಾನ್ ಹ್ಯಾಂಡ್ಸ್ ಎಂಬ ಪಾದ್ರಿಯಿಂದ ಬೈಬಲನ್ನು ಕನ್ನಡಕ್ಕೆ ತಂದುದೂ ಇದೇ ಸೊಸೈಟಿ.

ಕುರುಮಾನಿನಲ್ಲಿ ರಾಬರ್ಟ್ ಮೊಫಟ್ ಎಂಬ ಹಿರಿಯ ಮಿಶನರಿಯೂ ಆತನ ಪತ್ನಿಯೂ ನೆಲೆಸಿದ್ದರು. ಸಿಂಹವೊಂದು ಎಡತೋಳಿನ ಎಲುಬನ್ನು ಕಚ್ಚಿ ಮುರಿದಾಗ ಲಿವಿಂಗ್‌ಸ್ಟನನು ಆರೈಕೆಗೆಂದು ಅವರ ಮನೆಗೆ ಬಂದನು. 1845ರ ಜನವರಿಯಲ್ಲಿ ಅವರ ಹಿರಿಯ ಮಗಳು ಮೇರಿಯ ಕೈಹಿಡಿದನು. ಮೇರಿ ಆಫ್ರಿಕದಲ್ಲಿಯೇ ಹುಟ್ಟಿದವಳು. ಅಲ್ಲಿನ ಜನರ ಭಾಷೆಯನ್ನು ಅವರಂತೆಯೇ ಆಡಬಲ್ಲವಳು. ಸಾಬೂನು, ಮೇಣದಬತ್ತಿ, ರೊಟ್ಟಿ ಎಲ್ಲವನ್ನೂ ಮನೆಯಲ್ಲೇ ಮಾಡಿ, ಊರ ಮಕ್ಕಳಿಗೆ ಪಾಠವನ್ನೂ ಹೇಳುತ್ತಿದ್ದಳು. ವರ್ಷಕ್ಕೆ 100 ಪೌಂಡು ಸಂಬಳದಲ್ಲಿ ಸಂಸಾರ ಸಾಗಿದುದು ಆಕೆಯ ಕೈಗುಣದಿಂದಲೇ.

ಗಂಡನಿಗೆ ಒಂದೆಡೆ ನಿಲ್ಲುವ ಸ್ವಭಾವವಿರಲಿಲ್ಲ. ಉತ್ತರಕ್ಕೆ, ಇನ್ನೂ ಉತ್ತರಕ್ಕೆ ಎಂಬುದೇ ಆತನ ಹಂಬಲ. 1850ರಲ್ಲಿ ತುಂಬುಬಸುರಿಯಾದ ಮೇರಿಯನ್ನೂ ಮಕ್ಕಳನ್ನೂ ಎತ್ತಿನ ಬಂಡಿಯಲ್ಲಿ ಕಲಹಾರಿ ಮರುಭೂಮಿಯ ಆಚೆಯ ಸರೋವರಕ್ಕೆ ಕರೆದೊಯ್ದನು. ಮಕ್ಕಳಿಗೆ ಜ್ವರ ಹಿಡಿಯಿತು. ಮರಳಿ ಬಂದಮೇಲೆ ಹುಟ್ಟಿದ ಎಲಿಜಬೆತ್ ಎಂಬ ಹೆಣ್ಣುಕೂಸು ಆರೇ ವಾರ ಬದುಕಿತು. ಮರುವರ್ಷ ಮತ್ತೆ ಪ್ರಯಾಣ. ಮೇರಿ ಮತ್ತೆ ಗರ್ಭಿಣಿ. ಈ ಸುದ್ದಿಯನ್ನು ಕೇಳಿ ಕುರುಮಾನಿನ ಅತ್ತೆಯು ಅಳಿಯನಿಗೆ ಬರೆದ ಪತ್ರ ಬೆಂಕಿಯಂತಿತ್ತು. ಒಂದು ಮಗುವನ್ನು ಕಳೆದುಕೊಂಡುದು ಸಾಲದೆ, ಬಸುರಿ ಹೆಂಗಸನ್ನೂ ಎಳೆಯ ಮಕ್ಕಳನ್ನೂ ಕಾಡಿಗೆ ಎಳೆದೊಯ್ಯುವುದು ಯಾವ ಧರ್ಮ ಎಂಬ ಅರ್ಥದಲ್ಲಿ ಆಕೆ ಬರೆದಿದ್ದಳು. ಆತನು ಪತ್ರವನ್ನು ಓದಿದನು, ಹೊರಟೂ ಹೊರಟನು. ದಾರಿಯಲ್ಲಿ ದಿನಗಟ್ಟಲೆ ನೀರು ಸಿಗದೆ ಮಕ್ಕಳು ಸಾಯುವ ಸ್ಥಿತಿಗೆ ಬಂದುವು. ಮೇರಿ ಗಂಡನಿಗೆ ಒಂದು ಕಟು ಮಾತನ್ನೂ ಆಡಲಿಲ್ಲವಂತೆ. ಸೆಪ್ಟೆಂಬರಿನಲ್ಲಿ ಜೂಗಾ ನದಿಯ ದಂಡೆಯ ಮೇಲೆ ಆಸ್ವೆಲ್ ಹುಟ್ಟಿದನು. ಅತ್ತೆಯವರು ಬರೆದುದರಲ್ಲಿ ತಪ್ಪೇನಿತ್ತೆಂದು ನಮಗಂತೂ ಕಾಣದು.

ಇನ್ನು ಮುಂದಿನ ಪ್ರಯಾಣಕ್ಕೆ ಸಂಸಾರ ಜೊತೆಗಿರಲಾಗದೆಂಬುದು ಕಡೆಗೆ ಆತನಿಗೂ ಮನವರಿಕೆಯಾಯಿತು. 1852ರ ಮಾರ್ಚಿನಲ್ಲಿ ಎಲ್ಲರೂ ಕೇಪ್‌ಟೌನಿಗೆ ಬಂದರು. ಲಿವಿಂಗ್‌ಸ್ಟನನ ಕೋಟು ಹನ್ನೊಂದು ವರ್ಷದ ಹಳೆಯದು. ಹೆಂಡತಿ ಮಕ್ಕಳ ಬಟ್ಟೆ ಪೇಟೆಯ ಜನರ ಮುಂದೆ ನಿಲ್ಲುವಂತಿರಲಿಲ್ಲ. ಆಸ್ವೆಲ್ ಎಂಬ ಬೇಟೆಗಾರ ಮಿತ್ರನು ತನ್ನ ಹಣದಿಂದ ಎಲ್ಲರಿಗೂ ಉಡುಪು ಹೊಲಿಸಿಕೊಟ್ಟನು. ಕೈಗೂಸಿಗೆ ಇಟ್ಟಿದ್ದುದು ಈತನ ಹೆಸರನ್ನೇ. ಹೊಸ ಬಟ್ಟೆ ತೊಟ್ಟು ಮಕ್ಕಳು ಹಡಗು ಹತ್ತಿದುವು.

ಹಡಗು ಹೋದ ಬಳಿಕ ಲಿವಿಂಗ್‌ಸ್ಟನನು ಹೆಂಡತಿಗೆ ಬರೆದ ಪತ್ರದಲ್ಲಿ, ಬಿಸಿಲಿಗೆ ಕಂದಿದ ಆಕೆಯ ಮುಖವನ್ನು ನೆನೆದು ಮನಸ್ಸು ತಡೆಯದಾಗಿದೆ ಎಂದು ತೋಡಿಕೊಂಡನು. ಪುಟ್ಟ ಆಗ್ನೆಸಳಿಗೆ ಬೇರೆಯೇ ಒಂದು ಕಾಗದ. ಓದಲು ಬಾರದ ಮಗುವಿಗೆ ತಾಯಿ ಓದಿಹೇಳಬೇಕು. ಬಹುಕಾಲ ಆಕೆಯನ್ನು ನೋಡಲಾಗುವುದಿಲ್ಲವೆಂದು ಅದರಲ್ಲಿ ತಿಳಿಸಿದ್ದನು. ಇನ್ನೊಂದು ವಿಷಯವನ್ನು ಆತನು ಮುಂದೆ ಒಪ್ಪಿಕೊಂಡಿದ್ದಾನೆ. ಮಿಶನ್ ಠಾಣೆಯಲ್ಲಿದ್ದ ವರ್ಷಗಳಲ್ಲಿ ಮಕ್ಕಳೊಡನೆ ಆಡಲು ಸಮಯವನ್ನು ಮೀಸಲಿಡಲಿಲ್ಲ. ಸಂಜೆಯಾಗುವಷ್ಟರಲ್ಲಿ ದುಡಿದು ಬಳಲಿ ನಗುವಿನ ಶಕ್ತಿಯೂ ಉಳಿಯುತ್ತಿರಲಿಲ್ಲ. ತನ್ನ ಆ ಕಾಲದ ಬಾಳಿನಲ್ಲಿ ಪಶ್ಚಾತ್ತಾಪ ಪಡುವುದು ಅದೊಂದಕ್ಕೇ ಎಂದು. ಹೋಟೆಲಿನ ಗಲ್ಲದ ಮುಂದೆ ಹದಿನಾಲ್ಕು ತಾಸು ಕುಳಿತು ಮನೆಗೆ ಮರಳಿದವರಿಗೆ ಈ ಮಾತನ್ನು ವಿವರಿಸಬೇಕಾಗಿಲ್ಲ.

ಎರಡು ವರ್ಷದ ಗಡುವು ಮುಗಿದುದು 1854ರ ಏಪ್ರಿಲಿನಲ್ಲಿ. ಮೇ 31ರಂದು ಲಿವಿಂಗ್‌ಸ್ಟನನು ಜ್ವರದಿಂದ ಎಲುಬುಗೂಡಾಗಿ ಪಶ್ಚಿಮ ತೀರದ ಲುವಾಂಡ ಬಂದರನ್ನು ಮುಟ್ಟಿದನು. ಅಲ್ಲಿ ಬ್ರಿಟಿಷ್ ನೌಕಾಪಡೆಯ ಹಡಗುಗಳು ನಿಂತಿದ್ದುವು. ಊರಿಗೆ ಕರೆದೊಯ್ಯಲು ಅಧಿಕಾರಿಗಳು ಸಿದ್ಧರಾಗಿದ್ದರು. ಆದರೆ ಆತನೊಡನೆ ಮಕೊಲೊಲೊ ರಾಜ್ಯದ 27 ಮಂದಿ ಆಳುಗಳಿದ್ದರು. ಅವರನ್ನು ಮರಳಿ ಅವರ ನಾಡಿಗೆ ಮುಟ್ಟಿಸುವೆನೆಂದು ಮಾತು ಕೊಟ್ಟಿದ್ದನು. ಹಡಗು ಹತ್ತಲಿಲ್ಲ, ಅವರೊಂದಿಗೆ ಸಾವಿರ ಮೈಲಿಗಿಂತಲೂ ಹೆಚ್ಚಿನ ಕಾಡುದಾರಿಯಲ್ಲಿ ಹಿಂದಿರುಗಿದನು. ಆತನ ಕಾಗದಪತ್ರಗಳನ್ನು ಹೊತ್ತು ಹೊರಟ ಹಡಗು ಮದೈರಾ ದ್ವೀಪದ ಬಳಿ ಮುಳುಗಿಹೋಯಿತು. ಆಳುಗಳಿಗೆ ಕೊಟ್ಟ ಮಾತು ಉಳಿಯಿತು. ಹೆಂಡತಿಗೆ ಹೇಳಿದ ಗಡುವು ತಪ್ಪಿತು. ಎರಡೂ ಒಬ್ಬನೇ ಮನುಷ್ಯನ ಖಾತೆಯಲ್ಲಿರುವ ಕಲಮುಗಳು. ಒಂದನ್ನು ಬರೆದು ಇನ್ನೊಂದನ್ನು ಬಿಡುವುದು ಲೆಕ್ಕಪತ್ರದ ರೀತಿಯಲ್ಲ.

ಅತ್ತ ಮೇರಿಯ ಪಾಡು ಹೇಳತೀರದು. ಸ್ಕಾಟ್ಲೆಂಡಿನ ಹ್ಯಾಮಿಲ್ಟನಿನಲ್ಲಿದ್ದ ಅತ್ತೆಮಾವಂದಿರ ಮನೆಯಲ್ಲಿ ಹೊಂದಾಣಿಕೆಯಾಗದೆ ಹೊರಬಿದ್ದಳು. ಬಾಡಿಗೆ ಕೋಣೆಯಿಂದ ಬಾಡಿಗೆ ಕೋಣೆಗೆ, ಊರಿನಿಂದ ಊರಿಗೆ ನಾಲ್ವರು ಮಕ್ಕಳನ್ನು ಕಟ್ಟಿಕೊಂಡು ಅಲೆದಳು. ಹಣ ಸಾಲದೆ ಸೊಸೈಟಿಗೆ ಮತ್ತೆ ಮತ್ತೆ ಬರೆಯಬೇಕಾಯಿತು. ಗಂಡನ ಕಾಗದಗಳು ತಿಂಗಳುಗಟ್ಟಲೆ ಬರುತ್ತಿರಲಿಲ್ಲ. ಚಳಿಯ ಆ ದೇಶ ಆಕೆಯ ಪಾಲಿಗೆ ಪರದೇಶವೇ. ಆಕೆಯ ತವರು ಕುರುಮಾನ್. ದುಃಖದಲ್ಲಿ ಕುಡಿತಕ್ಕೂ ಕೈಹಾಕಿದಳೆಂಬುದನ್ನು ಚರಿತ್ರಕಾರರು ಮರೆಮಾಚಿಲ್ಲ, ನಾವೂ ಮರೆಮಾಚುವುದಿಲ್ಲ.

1856ರ ಡಿಸೆಂಬರಿನಲ್ಲಿ ಲಿವಿಂಗ್‌ಸ್ಟನನು ಜಗತ್ಪ್ರಸಿದ್ಧನಾಗಿ ಇಂಗ್ಲೆಂಡಿಗೆ ಬಂದನು. ಸನ್ಮಾನಗಳಾದುವು, ಗ್ರಂಥ ಹೊರಬಂದು ಸಾವಿರಾರು ಪ್ರತಿಗಳು ಮಾರಿಹೋದುವು. 1858ರ ಮಾರ್ಚಿನಲ್ಲಿ ಸರಕಾರದ ಪರವಾಗಿ ಜಾಂಬೆಸಿ ನದಿಗೆ ಹೊರಟಾಗ ಈ ಸಲ ಮೇರಿಯೂ ಕಿರಿಯ ಆಸ್ವೆಲನೂ ಜೊತೆಗೂಡಿದರು. ಉಳಿದ ಮೂವರು ಹ್ಯಾಮಿಲ್ಟನಿನಲ್ಲಿ ಅಜ್ಜಿಯ ಬಳಿ ನಿಂತರು. ಆದರೆ ಹಡಗಿನಲ್ಲಿ ಮೇರಿ ಮತ್ತೆ ಗರ್ಭಿಣಿಯೆಂದು ತಿಳಿದುಬಂದಿತು. ಕೇಪ್‌ಟೌನಿನಲ್ಲಿ ಇಳಿದು ತಾಯಿತಂದೆಗಳೊಡನೆ ಕುರುಮಾನಿಗೆ ಹೋದಳು. ನವೆಂಬರಿನಲ್ಲಿ ಅಲ್ಲಿ ಆನಾ ಮೇರಿ ಎಂಬ ಹೆಣ್ಣುಮಗು ಹುಟ್ಟಿತು. ಮರುವರ್ಷ, ಬಿಟ್ಟುಬಂದ ಮಕ್ಕಳ ಹಂಬಲದಿಂದ ಮತ್ತೆ ಸ್ಕಾಟ್ಲೆಂಡಿಗೆ ಪಯಣ ಬೆಳೆಸಿದಳು. ತವರಿನ ಹೊಸ್ತಿಲನ್ನು ಆಕೆ ದಾಟಿದುದು ಅದೇ ಕಡೆಯ ಬಾರಿ. ವೃದ್ಧ ಮೊಫಟ್ ದಂಪತಿಗಳು ಮಗಳನ್ನು ಮತ್ತೆ ಕಾಣಲಿಲ್ಲ.

1862ರ ಆರಂಭದಲ್ಲಿ ಕಂದಮ್ಮನನ್ನೂ ಸ್ಕಾಟ್ಲೆಂಡಿನಲ್ಲಿ ಬಿಟ್ಟು ಮೇರಿಯು ಜಾಂಬೆಸಿಯ ದಡಕ್ಕೆ ಗಂಡನನ್ನು ಕೂಡಿಕೊಳ್ಳಲು ಬಂದಳು. ಕೂಡಿ ಬಾಳಿದುದು ಮೂರು ತಿಂಗಳು. ಏಪ್ರಿಲ್ 27ರಂದು ಶುಪಂಗ ಎಂಬಲ್ಲಿ ಜ್ವರದಿಂದ ತೀರಿಕೊಂಡಳು. ಎಷ್ಟೋ ಸಾವುಗಳನ್ನು ಕಣ್ಣೀರಿಲ್ಲದೆ ನೋಡಿದ್ದ ಲಿವಿಂಗ್‌ಸ್ಟನನು ಆ ದಿನ ಮಗುವಿನಂತೆ ಅತ್ತನು. ಬಾವೊಬಾಬ್ ಮರದ ನೆರಳಿನಲ್ಲಿ ಆಕೆಯನ್ನು ಮಣ್ಣುಮಾಡಿದರು. ನಮ್ಮ ಸವಣೂರಿನವರು ದೊಡ್ಡ ಹುಣಸೆ ಎಂದು ಕರೆಯುವ ಜಾತಿಯ ಮರವದು.

ಹಿರಿಯ ಮಗ ರಾಬರ್ಟನ ಕಥೆ ಇನ್ನೂ ದಾರುಣ. ತಂದೆಯನ್ನು ಹುಡುಕಿಕೊಂಡು 1863ರಲ್ಲಿ ನಟಾಲಿನವರೆಗೆ ಬಂದನು, ಜಾಂಬೆಸಿಗೆ ತಲಪಲಾಗಲಿಲ್ಲ. ಅಲ್ಲಿಂದ ಅಮೆರಿಕಕ್ಕೆ ಹೋಗಿ, ಮನೆತನದ ಹೆಸರಿಗೆ ಕುಂದು ಬಾರದಿರಲೆಂದು ರೂಪರ್ಟ್ ವಿನ್ಸೆಂಟ್ ಎಂದು ಹೆಸರು ಬದಲಿಸಿಕೊಂಡು, ಅಂತರ್ಯುದ್ಧದಲ್ಲಿ ಉತ್ತರದ ಸೈನ್ಯವನ್ನು ಸೇರಿದನು. ಸೆರೆಸಿಕ್ಕಿ 1864ರ ಡಿಸೆಂಬರಿನಲ್ಲಿ ಉತ್ತರ ಕೆರೊಲಿನಾದ ಸಾಲ್ಸ್‌ಬರಿ ಸೆರೆಮನೆಯಲ್ಲಿ ಸತ್ತನು. ಹತ್ತೊಂಬತ್ತು ತುಂಬಿರಲಿಲ್ಲ. ಗುಲಾಮಗಿರಿಯ ವಿರುದ್ಧ ತಂದೆಯೂ ಮಗನೂ ಬೇರೆ ಬೇರೆ ಖಂಡಗಳಲ್ಲಿ ನಿಂತಿದ್ದರು. ಆರು ವರ್ಷಗಳಿಂದ ಪರಸ್ಪರ ಮುಖ ಕಂಡಿರಲಿಲ್ಲ.

ಅದೇ 1864ರಲ್ಲಿ ಲಿವಿಂಗ್‌ಸ್ಟನನು ನಮ್ಮ ಮುಂಬಯಿಗೆ ಬಂದನು. ತನ್ನ ಹಣದಿಂದ ಕಟ್ಟಿಸಿದ ಲೇಡಿ ನ್ಯಾಸಾ ಎಂಬ ಪುಟ್ಟ ಉಗಿದೋಣಿಯನ್ನು ಜಾಂಜಿಬಾರಿನಿಂದ ಸುಮಾರು 2500 ಮೈಲಿ ತಾನೇ ನಡೆಸಿಕೊಂಡು, ಮಳೆಗಾಲ ಹೊಸ್ತಿಲಲ್ಲಿರುವಾಗ, ಜೂನ್ 13ರಂದು ಬಂದರು ಮುಟ್ಟಿದನು. ಸುಸಿ ಮತ್ತು ಅಮೋದ ಎಂಬ ಜೊತೆಗಾರರು ಇಲ್ಲಿಯ ಗೋದಿಯಲ್ಲಿ ಕೂಲಿ ಹಿಡಿದರು. ಚುಮ ಮತ್ತು ವಿಕಟಾನಿ ಎಂಬ ಹುಡುಗರನ್ನು ಪಾದ್ರಿ ಜಾನ್ ವಿಲ್ಸನರ ಶಾಲೆಗೆ ಸೇರಿಸಿದನು. ಅವರ ಹೆಸರಿನ ವಿಲ್ಸನ್ ಕಾಲೇಜನ್ನು ಗಿರಗಾಂವ್ ಚೌಪಾಟಿಯಲ್ಲಿ ನಮ್ಮವರೆಲ್ಲರೂ ನೋಡಿದ್ದಾರೆ. ಮುಂದೆ ದೋಣಿಯನ್ನು ಮಾರಿ ಬಂದ 2300 ಪೌಂಡನ್ನು ಇಟ್ಟಿದ್ದ ಬ್ಯಾಂಕು ದಿವಾಳಿಯಾಗಿ ಆ ಹಣವೂ ಹೋಯಿತು.

ಆ ಬೇಸಗೆಯಲ್ಲಿ ಊರಿಗೆ ಹೋದಾಗ ಐದು ವರ್ಷದ ಆನಾ ಮೇರಿಯನ್ನು ಮೊದಲ ಬಾರಿ ಕಂಡನು. 1865ರ ಆಗಸ್ಟಿನಲ್ಲಿ ಹದಿನೆಂಟರ ಆಗ್ನೆಸಳನ್ನು ಪ್ಯಾರಿಸಿನವರೆಗೆ ಜೊತೆಗೆ ಕರೆದೊಯ್ದು, ಅಲ್ಲಿ ವಿದ್ಯಾಭ್ಯಾಸಕ್ಕೆ ಬಿಟ್ಟು, ಮತ್ತೆ ಮುಂಬಯಿಯ ದಾರಿ ಹಿಡಿದನು. ತಂದೆ ಮಗಳ ಕಡೆಯ ಭೇಟಿ ಅದು. ಅಂದು ಕೇಪ್‌ಟೌನಿನಲ್ಲಿ ಹಡಗು ಹತ್ತಿದ ಆ ಮಗುವಿಗೇ ಆತನು ಮುಂದಿನ ಏಳೆಂಟು ವರ್ಷ ಕಾಡಿನಿಂದ ಕಾಗದ ಬರೆಯುತ್ತಿದ್ದನು. ತನ್ನ ಹಸ್ತಪ್ರತಿಗಳನ್ನೂ ದಿನಚರಿಗಳನ್ನೂ 1872ರಲ್ಲಿ ಸ್ಟ್ಯಾನ್ಲಿಯ ಕೈಯಲ್ಲಿ ಕಳುಹಿಸಿದನು. ತಾನು ಮಾತ್ರ ಹೋಗಲಿಲ್ಲ. ಅದೇ ವರ್ಷ ಆಸ್ವೆಲನು ತಂದೆಯ ಶೋಧಕ್ಕಾಗಿ ಆಫ್ರಿಕದ ಪೂರ್ವ ತೀರಕ್ಕೆ ಬಂದು, ಸ್ಟ್ಯಾನ್ಲಿಯಿಂದ ಕ್ಷೇಮಸಮಾಚಾರ ತಿಳಿದು, ಮುಖ ಕಾಣದೆಯೇ ಹಿಂದಿರುಗಿದನು.

1873ರ ಮೇ ತಿಂಗಳ ಆರಂಭದಲ್ಲಿ ಚಿತಂಬೊ ಎಂಬ ಹಳ್ಳಿಯ ಗುಡಿಸಲಿನಲ್ಲಿ ಲಿವಿಂಗ್‌ಸ್ಟನನು ಪ್ರಾಣಬಿಟ್ಟನು. ಹೃದಯವನ್ನು ಅಲ್ಲಿಯೇ ಒಂದು ಮರದಡಿ ಹೂಳಿದರು. ನಾಸಿಕದ ಮಿಶನ್ ಶಾಲೆಯಲ್ಲಿ ಕಲಿತಿದ್ದ ಜೇಕಬ್ ವೇನ್‌ರೈಟ್ ಎಂಬ ಆಫ್ರಿಕನ್ ಯುವಕನು ಪ್ರಾರ್ಥನೆ ಓದಿದನು. ಒಣಗಿಸಿದ ದೇಹವನ್ನು ಸುಸಿ, ಚುಮ ಮೊದಲಾದವರು ಸಾವಿರ ಮೈಲಿಗೂ ಮಿಕ್ಕಿದ ದಾರಿಯಲ್ಲಿ ಹೊತ್ತು ಕಡಲತೀರಕ್ಕೆ ತಂದರು. ಆತನು ಸತ್ತ ಮರುತಿಂಗಳೇ ಜಾಂಜಿಬಾರಿನ ಗುಲಾಮರ ಸಂತೆ ಮುಚ್ಚಿತ್ತು. ಸಿಂಹ ಮುರಿದ ತೋಳಿನ ಎಲುಬಿನಿಂದ ಲಂಡನ್ನಿನಲ್ಲಿ ಗುರುತು ಹಿಡಿದರು.

1874ರ ಏಪ್ರಿಲ್ 18ರಂದು ವೆಸ್ಟ್‌ಮಿನ್‌ಸ್ಟರ್ ಅಬ್ಬೆಯಲ್ಲಿ ರಾಜಮರ್ಯಾದೆಯ ಸಮಾಧಿಯಾಯಿತು. ಹೆಗಲು ಕೊಟ್ಟವರಲ್ಲಿ ನಾಸಿಕದ ಜೇಕಬನೂ ಇದ್ದನು. ನೆರೆದವರ ನಡುವೆ ಎಪ್ಪತ್ತೆಂಟು ವರ್ಷದ ಮಾವ ಮೊಫಟ್ ನಿಂತಿದ್ದನು. ಆತನ ಮಗಳು ಜಾಂಬೆಸಿಯ ದಡದಲ್ಲಿ ಮಲಗಿ ಹನ್ನೆರಡು ವರ್ಷಗಳಾಗಿದ್ದುವು.