ಕೋಲಾರದ ಚಿನ್ನದ ವರದಿ ಬರೆದವನು ಕವಡೆಯಲ್ಲಿ ಗ್ರಹಣ ಕಂಡ ಕತೆ

ಮೈನ್‌ಕ್ರಾಫ್ಟ್ ಆಡಿದವರಿಗೆ ಅದರ ಆಕಾಶ ಗೊತ್ತು. ಚೌಕಾಕಾರದ ಸೂರ್ಯ ಮುಳುಗುತ್ತಿದ್ದ ಹಾಗೇ ಎದುರು ದಿಕ್ಕಿನಲ್ಲಿ ಚೌಕಾಕಾರದ ಚಂದ್ರ ಹುಟ್ಟುತ್ತಾನೆ. ಅಲ್ಲಿ ಒಂದು ಹಗಲು-ರಾತ್ರಿ ಅಂದ್ರೆ ನಮ್ಮ 20 ನಿಮಿಷ. ಚಂದ್ರನಿಗೆ ಎಂಟು ಕಲೆಗಳಿವೆ, ರಾತ್ರಿಗೊಂದರಂತೆ ಬದಲಾಗುತ್ತವೆ. ನೋಡೋಕೆ ಚೆನ್ನಾಗಿದೆ. ಆದರೆ ಅಮಾವಾಸ್ಯೆಯ ಚಂದ್ರನೂ ಅಲ್ಲಿ ಸಂಜೆ ಹುಟ್ಟಿ ನಡುರಾತ್ರಿ ನೆತ್ತಿಗೆ ಬರುತ್ತಾನೆ!

ಇದು ಸಾಧ್ಯವೇ ಇಲ್ಲ. ಚಂದ್ರ ಸೂರ್ಯನ ಎದುರು ಬದಿಯಲ್ಲಿದ್ದರೆ ಅದು ಹುಣ್ಣಿಮೆ, ಸೂರ್ಯನ ಜೊತೆಗೇ ಇದ್ದರೆ ಅಮಾವಾಸ್ಯೆ. ಶ್ರೀನಿವಾಸಪುರದ ಮಾವಿನ ತೋಟದಲ್ಲಿ ರಾತ್ರಿ ಕಾವಲು ಕೂರುವ ಯಾರನ್ನೇ ಕೇಳಿ, ಪುಸ್ತಕ ಇಲ್ಲದೆ ಹೇಳ್ತಾರೆ. ಇನ್ನೊಂದು ತಪ್ಪೂ ಇದೆ. ಆ ಆಟದಲ್ಲಿ ಸೂರ್ಯ ದಿನಾ ನೇರ ಪೂರ್ವದಲ್ಲಿ ಹುಟ್ಟಿ ದಿನಾ ನೆತ್ತಿಯ ಮೇಲೆ ಹಾದು ಹೋಗುತ್ತಾನೆ. ನಿಜವಾದ ಭೂಮಿಯಲ್ಲಿ ಹಾಗಾಗುವುದು ಸಮಭಾಜಕ ವೃತ್ತದ ಮೇಲೆ, ಅದೂ ವರ್ಷಕ್ಕೆ ಎರಡೇ ದಿನ. 13 ಡಿಗ್ರಿ ಅಕ್ಷಾಂಶದ ಆಸುಪಾಸಿನಲ್ಲಿರುವ ನಮ್ಮಲ್ಲಿ ಸೂರ್ಯ ನೆತ್ತಿಗೆ ಬರುವುದು ಏಪ್ರಿಲ್ ಕೊನೆಯಲ್ಲೊಮ್ಮೆ, ಆಗಸ್ಟ್ ಮಧ್ಯದಲ್ಲೊಮ್ಮೆ.

ಗೇಮು ತಾನೇ, ಬಿಡಿ ಅನ್ನಬಹುದು. ಆದರೆ ಇದರ ಹಿಂದೆ ಒಂದು ಹಳೆಯ ಪ್ರಶ್ನೆ ಇದೆ. ಆಕಾಶದ ಭೌತಶಾಸ್ತ್ರ ಗೊತ್ತಿಲ್ಲದೆ ಬರೀ ನಿಯಮ ಮತ್ತು ಪಟ್ಟಿಗಳಿಂದ ಆಕಾಶ ಕಟ್ಟಬಹುದಾ? ಕಟ್ಟಿದರೆ ಅದಕ್ಕೆ ಜ್ಞಾನ ಅಂತ ಹೆಸರಿಡಬಹುದಾ? ಇನ್ನೂರು ವರ್ಷದ ಹಿಂದೆ ಈ ಪ್ರಶ್ನೆಗೆ ಮುಖಾಮುಖಿಯಾದ ಒಬ್ಬನಿಗೂ ನಮ್ಮ ಕೋಲಾರ ಜಿಲ್ಲೆಗೂ ಬಿಡಿಸಲಾಗದ ನಂಟಿದೆ. ಆತನ ಹೆಸರು ಜಾನ್ ವಾರೆನ್.

ಯಶ್ ಸಿನಿಮಾ ಬಂದ ಮೇಲೆ ಕೆಜಿಎಫ್ ಇತಿಹಾಸ ಹುಡುಕಿದವರಿಗೆಲ್ಲ ಈ ಹೆಸರು ಸಿಕ್ಕಿರುತ್ತದೆ, ಚಿನ್ನದ ವರದಿ ಬರೆದ ಬ್ರಿಟಿಷ್ ಲೆಫ್ಟಿನೆಂಟ್ ಅಂತ. ಆತನ ಬದುಕಿನ ಮುಕ್ಕಾಲು ಭಾಗ ಆ ಒಂದು ಸಾಲಿನ ಆಚೆಗಿದೆ.

ವಾರೆನ್ ಹುಟ್ಟಿದ್ದು 1769ರಲ್ಲಿ. ಅಸಲಿ ಹೆಸರು ಜಾನ್ ಅಲ್ಲ, ಝಾಂ-ಬಾಪ್ಟಿಸ್ಟ್ ಫ್ರಾಂಸ್ವಾ ಜೋಸೆಫ್ ದ ವಾರೆನ್. ಐರಿಷ್ ಮೂಲದ, ಫ್ರಾನ್ಸಿನಲ್ಲಿ ನೆಲೆಸಿದ್ದ ಶ್ರೀಮಂತ ಮನೆತನ. ಫ್ರೆಂಚ್ ಕ್ರಾಂತಿ ಶುರುವಾದಾಗ ಇಂಥ ಮನೆತನದವರಿಗೆ ಅಲ್ಲಿ ಉಳಿಗಾಲ ಇರಲಿಲ್ಲ. ವಾರೆನ್ ದೇಶ ಬಿಟ್ಟ, ಫ್ರಾನ್ಸಿನ ಶತ್ರುವಾಗಿದ್ದ ಬ್ರಿಟಿಷರ ಸೈನ್ಯ ಸೇರಿದ. ಆತನ ರೆಜಿಮೆಂಟ್ 33ನೆಯದು. ಅದರ ಮುಖ್ಯಸ್ಥ ಆರ್ಥರ್ ವೆಲ್ಲೆಸ್ಲಿ, ಮುಂದೆ ನೆಪೋಲಿಯನ್ನನನ್ನು ಸೋಲಿಸಿದ ಅದೇ ವೆಲ್ಲಿಂಗ್ಟನ್. 1799ರಲ್ಲಿ ಟಿಪ್ಪು ಸುಲ್ತಾನ್ ವಿರುದ್ಧ ಶ್ರೀರಂಗಪಟ್ಟಣಕ್ಕೆ ಮುತ್ತಿಗೆ ಹಾಕಿದ ಸೈನ್ಯದಲ್ಲಿ ಈ ರೆಜಿಮೆಂಟೂ ಇತ್ತು.

ಟಿಪ್ಪು ಮಡಿದ ಮೇಲೆ ಕಂಪನಿ ಮಾಡಿದ ಮೊದಲ ಕೆಲಸಗಳಲ್ಲಿ ಒಂದು ಗೆದ್ದ ನೆಲವನ್ನು ಅಳೆಯೋದು. ಒಡೆಯರಿಗೆ ಬಿಟ್ಟುಕೊಟ್ಟ ಮೈಸೂರು ಎಲ್ಲಿಗೆ ಮುಗಿಯುತ್ತದೆ, ಕಂಪನಿಯ ನೆಲ ಎಲ್ಲಿಂದ ಶುರುವಾಗುತ್ತದೆ ಅನ್ನೋದು ಅವರಿಗೆ ಬೇಕಿತ್ತು. ಪೂರ್ವದ ಗಡಿ ಗುರುತಿಸುವ ಕೆಲಸ 1802ರಲ್ಲಿ ವಾರೆನ್ ಪಾಲಿಗೆ ಬಂತು. ಆಗ ಮೈಸೂರಿನ ದಿವಾನರು ಪೂರ್ಣಯ್ಯ. ಪಾಪನಪಲ್ಲಿ ಅಂತಿದ್ದ ಊರಿಗೆ ತಮ್ಮ ಮಗನ ಹೆಸರಿನಿಂದ ಶ್ರೀನಿವಾಸಪುರ ಅಂತ ಹೆಸರಿಟ್ಟರು ಎನ್ನಲಾಗುವ ಅದೇ ಪೂರ್ಣಯ್ಯ. ಇವತ್ತು ಆಂಧ್ರ ಗಡಿಗೆ ಅಂಟಿಕೊಂಡಿರುವ ನಮ್ಮ ಶ್ರೀನಿವಾಸಪುರ, ಮುಳಬಾಗಿಲು ಸೀಮೆಗಳ ನಕ್ಷೆ ರೂಪುಗೊಂಡ ಕಾಲ ಅದು.

ಗಡಿ ಕೆಲಸದ ನಡುವೆ ಕೋಲಾರದ ಮಣ್ಣಿನಲ್ಲಿ ಚಿನ್ನ ಇದೆ ಅನ್ನೋ ಮಾತು ವಾರೆನ್ ಕಿವಿಗೆ ಬಿತ್ತು. ತೋರಿಸಿಕೊಟ್ಟವರಿಗೆ ಇನಾಮು ಕೊಡ್ತೀನಿ ಅಂತ ಆತ ಸಾರಿದ. ಉರಿಗಾಂ ಹಳ್ಳಿಯವರು ಗಾಡಿಯಲ್ಲಿ ಮಣ್ಣು ತುಂಬಿಕೊಂಡು ಬಂದು, ಅವನೆದುರೇ ತೊಳೆದು, ಚಿನ್ನದ ಪುಡಿ ಬೇರ್ಪಡಿಸಿ ತೋರಿಸಿದರು. ಮಾರಿಕುಪ್ಪಂನಲ್ಲಿ ಗಣಿಗುಂಡಿಗಳೂ ಇದ್ದವು. ಗುಂಡಿಗೆ ಇಳಿದು ಕಲ್ಲು ತೆಗೆಯುತ್ತಿದ್ದವರು ದಲಿತರು, ಆ ಕಲ್ಲನ್ನು ಕುಟ್ಟಿ ಪುಡಿ ಮಾಡುತ್ತಿದ್ದವರು ಹೆಂಗಸರು. ಎಷ್ಟು ಮಣ್ಣಿಗೆ ಎಷ್ಟು ಚಿನ್ನ ಅಂತ ವಾರೆನ್ ಲೆಕ್ಕ ಹಾಕಿ ವರದಿ ಬರೆದ.

ಇಲ್ಲಿ ಒಂದು ವಿಷಯ ಗಮನಿಸಿ. ಚಿನ್ನವನ್ನು ವಾರೆನ್ ಹುಡುಕಲಿಲ್ಲ. ಹುಡುಕಿದವರು, ತೆಗೆಯುತ್ತಿದ್ದವರು ಆಗಲೇ ಅಲ್ಲಿದ್ದರು. ಆತ ಮಾಡಿದ್ದು ಅವರ ತಿಳಿವಳಿಕೆಯನ್ನು ಅಂಕಿ-ಅಂಶವಾಗಿ ಕಾಗದಕ್ಕೆ ಇಳಿಸಿದ್ದು. 1870ರ ದಶಕದಲ್ಲಿ ಬೆಂಗಳೂರಿನಲ್ಲಿ ನೆಲೆಸಿದ್ದ ಮೈಕೆಲ್ ಲವೆಲ್ ಎಂಬ ಮಾಜಿ ಸೈನಿಕ ಆ ಹಳೇ ವರದಿ ಓದಿ ಗಣಿಗಾರಿಕೆಯ ಹಕ್ಕು ಕೇಳಿದ. 1880ರಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಬಂತು. ಹಳ್ಳಿಯವರ ತಿಳಿವಳಿಕೆ ಕಾಗದವಾಯಿತು, ಕಾಗದ ಲಂಡನ್ನಿನ ಲಾಭವಾಯಿತು. ನಮಗೆ ಉಳಿದದ್ದು ಸೈನೈಡ್ ದಿಬ್ಬಗಳು.

ಇಷ್ಟೇ ಆಗಿದ್ದರೆ ವಾರೆನ್ ಇನ್ನೊಬ್ಬ ಕಂಪನಿ ಸರ್ವೇಯರ್ ಅಷ್ಟೇ. ಆದರೆ ಆತನ ಕಣ್ಣು ನೆಲದಿಂದ ಮೇಲಕ್ಕೆ ಹೋಯಿತು. ವಿಲಿಯಂ ಲ್ಯಾಂಬ್ಟನ್ ನಡೆಸುತ್ತಿದ್ದ ದೊಡ್ಡ ತ್ರಿಕೋನ ಸರ್ವೆಯಲ್ಲಿ ಸಹಾಯಕನಾಗಿ ದುಡಿದ ಆತನಿಗೆ 1805ರಲ್ಲಿ ಮದ್ರಾಸ್ ವೀಕ್ಷಣಾಲಯದ ಹಂಗಾಮಿ ಖಗೋಳಜ್ಞನ ಹುದ್ದೆ ಸಿಕ್ಕಿತು. 1811ರ ತನಕ ಅಲ್ಲಿದ್ದ. 1807ರಲ್ಲಿ ಕಾಣಿಸಿಕೊಂಡ ದೊಡ್ಡ ಧೂಮಕೇತುವನ್ನು ಗಮನಿಸಿ ದಾಖಲಿಸಿದ. ಸೆಕೆಂಡಿಗೊಂದು ಬಡಿತ ಹೊಡೆಯುವ ಲೋಲಕದ ಉದ್ದ ಮದ್ರಾಸಿನಲ್ಲಿ ಎಷ್ಟಿರಬೇಕು ಅಂತ ಪ್ರಯೋಗ ಮಾಡಿದ. ಎಲ್ಲಕ್ಕಿಂತ ಮುಖ್ಯವಾಗಿ ಮದ್ರಾಸಿನ ರೇಖಾಂಶವನ್ನು 80 ಡಿಗ್ರಿ 17 ಮಿನಿಟ್ 21 ಸೆಕೆಂಡ್ ಅಂತ ಲೆಕ್ಕ ಹಾಕಿದ. ಭಾರತದ ಸರ್ವೆ ನಕ್ಷೆಗಳು ದಶಕಗಟ್ಟಲೆ ಈ ಅಂಕಿಯನ್ನೇ ಬಳಸಿದವು.

ರೇಖಾಂಶ ಅಂದ್ರೆ ಸಮಯದ ಲೆಕ್ಕ. ಒಂದೇ ಗ್ರಹಣ ಎರಡು ಊರಲ್ಲಿ ಸ್ಥಳೀಯ ಗಡಿಯಾರದ ಪ್ರಕಾರ ಎಷ್ಟು ಹೊತ್ತಿಗೆ ಕಂಡಿತು ಅನ್ನೋ ವ್ಯತ್ಯಾಸದಿಂದ ಆ ಊರುಗಳ ದೂರ ಸಿಗುತ್ತದೆ. ಸಮಯ ಒಂದು ನಿಮಿಷ ತಪ್ಪಿದರೆ ನಮ್ಮ ಅಕ್ಷಾಂಶದಲ್ಲಿ ಜಾಗ ಸುಮಾರು 27 ಕಿಲೋಮೀಟರ್ ತಪ್ಪುತ್ತದೆ. ಹಾಗಾಗಿ ಆಕಾಶದ ಲೆಕ್ಕ ಅನ್ನೋದು ವಾರೆನ್‌ಗೆ ಶೋಕಿ ಆಗಿರಲಿಲ್ಲ, ಸಾಮ್ರಾಜ್ಯದ ಹೊಟ್ಟೆಪಾಡಾಗಿತ್ತು.

ನೆಪೋಲಿಯನ್ ಸೋತ ಮೇಲೆ ವಾರೆನ್ ಫ್ರಾನ್ಸಿಗೆ ಮರಳಿದ. ಆದರೆ ಅಲ್ಲೇ ಉಳಿಯಲಿಲ್ಲ, ವಾಪಸ್ ಬಂದು ಫ್ರೆಂಚರ ಪಾಂಡಿಚೇರಿಯಲ್ಲಿ ಮನೆ ಮಾಡಿದ. ಅಷ್ಟರಲ್ಲಿ ಆತನಿಗೆ ಒಂದು ಹುಚ್ಚು ಹತ್ತಿತ್ತು. ದಕ್ಷಿಣ ಭಾರತದ ಜನ ಪಂಚಾಂಗವನ್ನು ನಿಜಕ್ಕೂ ಹೇಗೆ ಗುಣಿಸುತ್ತಾರೆ ಅಂತ ತಿಳಿಯಬೇಕು. ಬರೀ ಸಂಸ್ಕೃತ ಗ್ರಂಥದಲ್ಲಿ ಏನಿದೆ ಅಂತ ನೋಡಿದರೆ ಸಾಲದು, ಲೆಕ್ಕ ಮಾಡುವ ಮನುಷ್ಯನ ಮುಂದೆ ಕೂತು ನೋಡಬೇಕು.

ಹಾಗೆ ಕೂತಾಗ ಕಂಡದ್ದು ಇದು. ಪಂಚಾಂಗದ ಲೆಕ್ಕಿಗರೊಬ್ಬರು ನೆಲದ ಮೇಲೆ ಕವಡೆಗಳನ್ನು ಜೋಡಿಸಿ 1825ರ ಮೇ 31ರ ರಾತ್ರಿಯ ಚಂದ್ರಗ್ರಹಣ ಗುಣಿಸಿದರು. ಕೈಯಲ್ಲಿ ಪುಸ್ತಕ ಇಲ್ಲ, ಬರೆದ ಅಂಕಿ ಇಲ್ಲ. ಕೋಷ್ಟಕಗಳೆಲ್ಲ ಬಾಯಿಪಾಠವಾಗಿದ್ದ ಪದಗಳಲ್ಲಿದ್ದವು. ಗ್ರಹಣದ ಆರಂಭ ಸುಮಾರು 4 ನಿಮಿಷ, ಮಧ್ಯ ಸುಮಾರು 23 ನಿಮಿಷ, ಕೊನೆ ಸುಮಾರು 52 ನಿಮಿಷ ವ್ಯತ್ಯಾಸದಲ್ಲಿ ಬಂತು. ಪ್ರತಿ ಹಂತ ಯಾಕೆ ಹಾಗೆ ಮಾಡಬೇಕು ಅಂತ ಕೇಳಿದರೆ ಉತ್ತರ ಇರಲಿಲ್ಲ. ನಿಯಮ ಇತ್ತು, ಕಾರಣ ಕಳೆದುಹೋಗಿತ್ತು.

ಇಂಜಿನಿಯರಿಂಗ್ ಓದಿದವರಿಗೆ ಇದು ತಕ್ಷಣ ಅರ್ಥವಾಗುತ್ತದೆ: ಇದೊಂದು ಲುಕ್‌ಅಪ್ ಟೇಬಲ್. ಚಂದ್ರ ಒಂದೇ ವೇಗದಲ್ಲಿ ಓಡಲ್ಲ. ಭೂಮಿಗೆ ಹತ್ತಿರ ಬಂದಾಗ ಬೇಗ, ದೂರ ಹೋದಾಗ ನಿಧಾನ. ಈ ಏರಿಳಿತ ಸುಮಾರು 27.55 ದಿನಕ್ಕೊಮ್ಮೆ ಮರುಕಳಿಸುತ್ತದೆ. ಅದರ ಒಂಬತ್ತು ಸುತ್ತು ಅಂದ್ರೆ ಹೆಚ್ಚುಕಮ್ಮಿ ಸರಿಯಾಗಿ 248 ದಿನ. ಹಾಗಾಗಿ 248 ವಾಕ್ಯ ಕಲಿತರೆ ಸಾಕು, ದಿನಕ್ಕೊಂದು. ಅಕ್ಷರಗಳಲ್ಲಿ ಅಂಕಿ ಅಡಗಿಸುವ ಕಟಪಯಾದಿ ಪದ್ಧತಿಯಲ್ಲಿ ಪ್ರತಿ ವಾಕ್ಯವೂ ಆ ದಿನದ ಚಂದ್ರನ ಸ್ಥಾನ ಹೇಳುತ್ತದೆ. ಪರಂಪರೆ ಇದನ್ನು ವರರುಚಿಯ ಹೆಸರಿಗೆ ಬರೆಯುತ್ತದೆ. 14ನೇ ಶತಮಾನದಲ್ಲಿ ಕೇರಳದ ಸಂಗಮಗ್ರಾಮದ ಮಾಧವ ಇದನ್ನು ಇನ್ನಷ್ಟು ನಿಖರ ಮಾಡಿದ. ಗುರುತ್ವಾಕರ್ಷಣೆ ಈ ಲೆಕ್ಕದಲ್ಲಿ ಎಲ್ಲೂ ಬರಲ್ಲ. ಆದರೂ ಗ್ರಹಣ ಸಿಗುತ್ತದೆ.

ಈಗ ಗೇಮಿಗೆ ಬನ್ನಿ. ಮೈನ್‌ಕ್ರಾಫ್ಟ್ ಆಕಾಶವೂ ಒಂದು ಪಟ್ಟಿಯೇ, ಎಂಟು ಚಿತ್ರಗಳ ಪಟ್ಟಿ. ಪಂಚಾಂಗದ 248 ವಾಕ್ಯಗಳೂ ಪಟ್ಟಿಯೇ. ಎರಡರಲ್ಲೂ ಭೌತಶಾಸ್ತ್ರ ಇಲ್ಲ. ವ್ಯತ್ಯಾಸ ಇರೋದು ಒಂದರಲ್ಲೇ. ಪಂಚಾಂಗದ ಪಟ್ಟಿ ಆಕಾಶಕ್ಕೆ ಜವಾಬು ಕೊಡಬೇಕಿತ್ತು. ಹೇಳಿದ ರಾತ್ರಿ ಗ್ರಹಣ ಹಿಡಿಯದಿದ್ದರೆ ಊರಿಗೆಲ್ಲ ಗೊತ್ತಾಗುತ್ತಿತ್ತು. ಗೇಮಿನ ಪಟ್ಟಿಗೆ ಆ ಭಯ ಇಲ್ಲ. ಇನ್ನು ಕೆರ್ಬಲ್ ಸ್ಪೇಸ್ ಪ್ರೋಗ್ರಾಂ ತರಹದ ಆಟಗಳಲ್ಲಿ ಗುರುತ್ವದ ಸೂತ್ರವೇ ರಾಕೆಟ್ ಓಡಿಸುತ್ತದೆ. ಅಲ್ಲೂ ಒಂದು ಸಲಕ್ಕೆ ಒಂದೇ ಗ್ರಹದ ಸೆಳೆತವನ್ನು ಲೆಕ್ಕಕ್ಕೆ ತಗೊಂಡು ಮಿಕ್ಕವನ್ನು ಬಿಡುತ್ತಾರೆ. ಅಡ್ಡದಾರಿ ಎಲ್ಲರೂ ಹಿಡಿಯುತ್ತಾರೆ. ಎಲ್ಲಿ ಹಿಡಿದೆ, ಅದು ಎಷ್ಟು ತಪ್ಪು ತರುತ್ತದೆ ಅಂತ ಗೊತ್ತಿದ್ದರೆ ಅದು ವಿಜ್ಞಾನ.

ವಾರೆನ್ ತಾನು ಕಂಡದ್ದನ್ನೆಲ್ಲ 1825ರಲ್ಲಿ 'ಕಾಲ ಸಂಕಲಿತ' ಅನ್ನೋ ದಪ್ಪ ಪುಸ್ತಕವಾಗಿ ಮದ್ರಾಸಿನಲ್ಲಿ ಪ್ರಕಟಿಸಿದ. ಹಿಂದೂ, ಮುಸ್ಲಿಂ ಕಾಲಗಣನೆಗಳ ವಿಧಾನ ಅದರಲ್ಲಿದೆ. ಆ ಲೆಕ್ಕಿಗರ ತಪ್ಪಿನ ನಿಮಿಷಗಳೂ ಉಳಿದುಬಂದಿರುವುದು ಇದೇ ಪುಸ್ತಕದಿಂದ. 1952ರಲ್ಲಿ ಗಣಿತ ಇತಿಹಾಸಕಾರ ಒಟ್ಟೊ ನ್ಯೂಗೆಬಾವರ್ ಇದನ್ನು ಹಿಡಿದು, ಇದೇ 248 ದಿನದ ಚಕ್ರ ಪ್ರಾಚೀನ ಬ್ಯಾಬಿಲೋನಿನಲ್ಲೂ ಇದ್ದದ್ದನ್ನು ಎತ್ತಿ ತೋರಿಸಿದರು.

ಆದರೆ ವಾರೆನ್‌ಗೂ ಅವನ ಕಾಲದ ಕುರುಡು ಇತ್ತು. ವೃತ್ತದ ಪರಿಧಿಗೆ ಅನಂತ ಶ್ರೇಣಿಯ ಸೂತ್ರಗಳು ದಕ್ಷಿಣದ ಪಂಡಿತರ ಬಳಿ ಸಿಕ್ಕಾಗ, ಇವು ಯುರೋಪಿಯನ್ನರಿಂದ ಇತ್ತೀಚೆಗೆ ಬಂದಿರಬೇಕು ಅನ್ನೋ ಸಹವರ್ತಿ ಜಾರ್ಜ್ ಹೈನ್ ವಾದದ ಕಡೆಗೇ ಆತ ವಾಲಿದ. ಚಾರ್ಲ್ಸ್ ವಿಶ್ ಎಂಬ ಕಂಪನಿ ಅಧಿಕಾರಿ ಒಪ್ಪಲಿಲ್ಲ. ಮಲಯಾಳ ಸೀಮೆಯ ಗ್ರಂಥಗಳನ್ನು ಮುಂದಿಟ್ಟು 1830ರ ದಶಕದಲ್ಲಿ ಲೇಖನ ಪ್ರಕಟಿಸಿದ. ಇವತ್ತು ಗೊತ್ತು, ಮಾಧವನ ಶಿಷ್ಯಪರಂಪರೆಯ ಆ ಸೂತ್ರಗಳು ಯುರೋಪಿಗಿಂತ ಎರಡು ಶತಮಾನಕ್ಕೂ ಮುಂಚಿನವು. ಕಣ್ಣೆದುರಿನ ಲೆಕ್ಕಿಗನಿಗೆ ಕಾರಣ ಗೊತ್ತಿಲ್ಲ ಅಂದಮಾತ್ರಕ್ಕೆ ಈ ನೆಲದಲ್ಲಿ ಯಾರಿಗೂ ಯಾವತ್ತೂ ಗೊತ್ತಿರಲಿಲ್ಲ ಅಂತ ತೀರ್ಮಾನಿಸುವುದು ವಸಾಹತು ಕಾಲದ ಅಹಂಕಾರ.

ಇದರ ಉಲ್ಟಾ ಅಹಂಕಾರ ಇವತ್ತು ನಮ್ಮ ವಾಟ್ಸಾಪಿನಲ್ಲಿದೆ. ಪೂರ್ವಜರಿಗೆ ಎಲ್ಲ ಗೊತ್ತಿತ್ತು, ನಾವು ಏನೂ ಪರೀಕ್ಷಿಸಬೇಕಿಲ್ಲ ಅನ್ನೋದು. 52 ನಿಮಿಷದ ತಪ್ಪನ್ನು ಮುಚ್ಚಿಟ್ಟರೆ ಕವಡೆಯ ಲೆಕ್ಕಕ್ಕೆ ಗೌರವ ಬರಲ್ಲ. ಬಾಯಿಪಾಠದಿಂದ 4 ನಿಮಿಷದ ಹತ್ತಿರ ಬಂದದ್ದು ಎಂಥ ಸಾಧನೆ ಅಂತ ಗೊತ್ತಾಗೋದು ಆ ತಪ್ಪನ್ನೂ ಪಕ್ಕದಲ್ಲಿಟ್ಟು ನೋಡಿದಾಗ. ಇನ್ನೂ ಒಂದು ಮಾತು: ಕಾರಣ ಯಾಕೆ ಕಳೆದುಹೋಯಿತು? ಜ್ಞಾನವನ್ನು ಕೆಲವೇ ಮನೆಗಳೊಳಗೆ ಬಚ್ಚಿಟ್ಟು, ಪ್ರಶ್ನೆ ಕೇಳೋದನ್ನು ತಪ್ಪು ಅಂತ ಮಾಡಿದರೆ ಉಳಿಯೋದು ನಿಯಮ ಮಾತ್ರ. ನಮ್ಮ ಟ್ಯೂಷನ್ನುಗಳು ಇವತ್ತು ಫಾರ್ಮುಲಾ ಕಲಿಸುತ್ತಿರುವುದೂ ಹೆಚ್ಚುಕಮ್ಮಿ ಹೀಗೇ ಅಲ್ವಾ?

ವಾರೆನ್ 1830ರಲ್ಲಿ ಪಾಂಡಿಚೇರಿಯಲ್ಲಿ ತೀರಿಕೊಂಡ. ಆತನ ವರದಿಯ ಬೆನ್ನು ಹತ್ತಿ ತೋಡಿದ ಗಣಿ ಮೂರು ಕಿಲೋಮೀಟರಿಗೂ ಆಳಕ್ಕೆ ಹೋಯಿತು. 1965ರಲ್ಲಿ ಅದೇ ಗಣಿಯಲ್ಲಿ, ಚಾಂಪಿಯನ್ ರೀಫ್‌ನ ಸುಮಾರು 2.3 ಕಿಲೋಮೀಟರ್ ಆಳದಲ್ಲಿ, ಟಿಐಎಫ್‌ಆರ್ ವಿಜ್ಞಾನಿಗಳು ಜಪಾನ್, ಇಂಗ್ಲೆಂಡಿನ ಸಂಗಾತಿಗಳ ಜೊತೆ ಸೇರಿ ವಾತಾವರಣದಲ್ಲಿ ಹುಟ್ಟಿದ ನ್ಯೂಟ್ರಿನೊಗಳ ಜಾಡು ಹಿಡಿದರು. ಜಗತ್ತಿನಲ್ಲಿ ಅಂಥ ಮೊದಲ ಪತ್ತೆಗಳಲ್ಲಿ ಅದೊಂದು. ಅಷ್ಟು ಆಳದ ಸುರಂಗ ತೋಡಿದ್ದು ಕಾರ್ಮಿಕರು.

2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿತು. ಜಿಲ್ಲೆಯ ಆಕಾಶ ಇನ್ನೂ ತೆರೆದೇ ಇದೆ. ಮುಂದಿನ ಅಮಾವಾಸ್ಯೆಗೆ ಫೋನ್ ಪಕ್ಕಕ್ಕಿಟ್ಟು ಹೊರಗೆ ಬನ್ನಿ. ಚಂದ್ರ ಇರಲ್ಲ. ಯಾಕೆ ಇರಲ್ಲ ಅಂತ ಪಕ್ಕದ ಮನೆಯ ಮಗುವಿಗೆ ಕಾರಣ ಸಮೇತ ಹೇಳಿ ನೋಡಿ.